ಏಳು ಗೆರೆ, ಹದಿನೇಳು ವರ್ಷ

1963ರ ಆಗಸ್ಟ್ 7. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಒಂದು ವಾಯುನೆಲೆಯ ಆಸ್ಪತ್ರೆಯಲ್ಲಿ ಗಂಡುಮಗುವೊಂದು ಹುಟ್ಟಿತು. ದಿನ ತುಂಬಿರಲಿಲ್ಲ. ಐದೂವರೆ ವಾರ ಮೊದಲೇ ಬಂದುಬಿಟ್ಟಿತ್ತು. ತೂಕ ಎರಡು ಕೆಜಿಗಿಂತ ಚೂರು ಜಾಸ್ತಿ. ಹುಟ್ಟಿದ ಸ್ವಲ್ಪ ಹೊತ್ತಿಗೇ ಉಸಿರಾಟಕ್ಕೆ ಒದ್ದಾಡತೊಡಗಿತು. ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಗೆ ಒಯ್ದರು. ಆ ಕಾಲಕ್ಕೆ ಜಗತ್ತಿನಲ್ಲಿದ್ದ ಅತ್ಯುತ್ತಮ ವೈದ್ಯರು, ಅತ್ಯುತ್ತಮ ಯಂತ್ರ, ಹೆಚ್ಚಿನ ಒತ್ತಡದಲ್ಲಿ ಆಮ್ಲಜನಕ ತುಂಬುವ ದೊಡ್ಡ ಕೋಣೆ, ಎಲ್ಲವನ್ನೂ ಬಳಸಿದರು. ಮಗು ಬದುಕಿದ್ದು 39 ಗಂಟೆ.

ಆ ಮಗುವಿನ ಹೆಸರು ಪ್ಯಾಟ್ರಿಕ್. ಅಪ್ಪನ ಹೆಸರು ಜಾನ್ ಎಫ್. ಕೆನಡಿ. ಅಮೆರಿಕದ ಅಧ್ಯಕ್ಷ!

ಜಗತ್ತಿನ ಅತಿ ಬಲಿಷ್ಠ ಮನುಷ್ಯ ತನ್ನ ಕೂಸನ್ನು ಉಳಿಸಿಕೊಳ್ಳಲು ಆಗಲಿಲ್ಲ. ಯಾಕೆ? ದಿನ ತುಂಬದೆ ಹುಟ್ಟುವ ಮಗುವಿನ ಶ್ವಾಸಕೋಶ ಪೂರ್ತಿ ಬಲಿತಿರುವುದಿಲ್ಲ. ಶ್ವಾಸಕೋಶದೊಳಗಿನ ಪುಟ್ಟಪುಟ್ಟ ಗಾಳಿಚೀಲಗಳು ಮುಚ್ಚಿಕೊಳ್ಳದ ಹಾಗೆ ನೋಡಿಕೊಳ್ಳುವ ಸರ್ಫ್ಯಾಕ್ಟಂಟ್ ಎಂಬ ಪದಾರ್ಥ ಸಾಕಷ್ಟು ತಯಾರಾಗಿರುವುದಿಲ್ಲ. ಪ್ರತಿ ಉಸಿರಿಗೂ ಗಾಳಿಚೀಲ ಮುಚ್ಚಿಕೊಳ್ಳುತ್ತದೆ. ಹಸುಗೂಸು ಪ್ರತಿ ಸಲ ಅದನ್ನು ಬಿಡಿಸಬೇಕು. ಕೊನೆಗೆ ಸುಸ್ತಾಗಿ ಸೋತುಹೋಗುತ್ತದೆ. 1963ರಲ್ಲಿ ಇದಕ್ಕೆ ಮದ್ದು ಇರಲಿಲ್ಲ. ಅದು ವಿಧಿ ಅಂತಲೇ ಅಂದುಕೊಳ್ಳೋಣ.

ಆದರೆ ನಾನು ಇವತ್ತು ಹೇಳಹೊರಟಿರೋದು ವಿಧಿಯ ಕಥೆ ಅಲ್ಲ. ಮದ್ದು ಸಿಕ್ಕಮೇಲೂ ಮಕ್ಕಳು ಸತ್ತ ಕಥೆ. ಉತ್ತರ ಪುಸ್ತಕದಲ್ಲಿ ಅಚ್ಚಾಗಿದ್ದರೂ ಯಾರೂ ಪುಟ ತಿರುಗಿಸದೇ ಹೋದ ಕಥೆ.

ಇದು ಶುರುವಾಗೋದು ಕುರಿ ಹಟ್ಟಿಯಿಂದ. ನ್ಯೂಜಿಲೆಂಡ್ ಅಂದರೆ ಕುರಿಗಳ ದೇಶ. ಅಲ್ಲಿನ ಆಕ್ಲೆಂಡ್ ನಗರದಲ್ಲಿ ಗ್ರಹಾಂ ಲಿಗಿನ್ಸ್ ಅನ್ನುವ ಹೆರಿಗೆ ವೈದ್ಯರಿದ್ದರು. ಅವರ ತಲೆ ಕೊರೆಯುತ್ತಿದ್ದ ಪ್ರಶ್ನೆ ಬೇರೆಯೇ. ಹೆರಿಗೆ ನೋವು ಶುರುವಾಗೋದಕ್ಕೆ ಸೂಚನೆ ಕೊಡುವವರು ಯಾರು? ತಾಯಿಯೋ, ಹೊಟ್ಟೆಯೊಳಗಿನ ಮರಿಯೋ? ಅದನ್ನು ತಿಳಿಯಲು ಕುರಿಯ ಹೊಟ್ಟೆಯಲ್ಲಿದ್ದ ಮರಿಗಳಿಗೆ ಸ್ಟಿರಾಯ್ಡ್ ಕೊಟ್ಟು ನೋಡುತ್ತಿದ್ದರು. ಕುರಿಯ ಗರ್ಭಾವಧಿ ಸುಮಾರು 150 ದಿನ. ಸ್ಟಿರಾಯ್ಡ್ ಕೊಟ್ಟ ಮರಿಗಳು ಅದಕ್ಕಿಂತ ಎಷ್ಟೋ ಮೊದಲೇ ಹುಟ್ಟಿದವು. ಲೆಕ್ಕದ ಪ್ರಕಾರ ಅವು ಹುಟ್ಟಿದ ಕೂಡಲೇ ಸಾಯಬೇಕಿತ್ತು. ಕೆಲವು ಸಾಯಲಿಲ್ಲ, ಉಸಿರಾಡಿದವು! ಸತ್ತಮೇಲೆ ಕೊಯ್ದು ನೋಡಿದರೆ ಶ್ವಾಸಕೋಶದಲ್ಲಿ ಗಾಳಿ ತುಂಬಿತ್ತು. ಹುಡುಕಿದ್ದು ಒಂದು, ಸಿಕ್ಕಿದ್ದು ಇನ್ನೊಂದು. ಸ್ಟಿರಾಯ್ಡ್ ಆ ಮರಿಗಳ ಶ್ವಾಸಕೋಶವನ್ನು ಬೇಗ ಬಲಿಯುವಂತೆ ಮಾಡಿತ್ತು. 1969ರಲ್ಲಿ ಲಿಗಿನ್ಸ್ ಇದನ್ನು ಪ್ರಕಟಿಸಿದರು.

ಮುಂದಿನ ಹೆಜ್ಜೆ ಮನುಷ್ಯರ ಮೇಲೆ. ಮಕ್ಕಳ ವೈದ್ಯ ರಾಸ್ ಹೋವಿ ಜೊತೆಯಾದರು. ದಿನ ತುಂಬುವ ಮೊದಲೇ ಹೆರಿಗೆಯಾಗುವ ಸಂಭವವಿದ್ದ ತಾಯಂದಿರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಬೀಟಾಮೆಥಾಸೋನ್ ಎಂಬ ಸ್ಟಿರಾಯ್ಡ್ ಇಂಜೆಕ್ಷನ್. ಇನ್ನೊಂದಕ್ಕೆ ಇಲ್ಲ. 1972ರಲ್ಲಿ 282 ತಾಯಂದಿರ ಲೆಕ್ಕ ಹೊರಬಂತು. ಇಂಜೆಕ್ಷನ್ ಇಲ್ಲದ ಗುಂಪಿನಲ್ಲಿ ಹುಟ್ಟಿದ ಕೆಲವೇ ದಿನಗಳಲ್ಲಿ ಸತ್ತ ಮಕ್ಕಳು ಶೇ. 15. ಇಂಜೆಕ್ಷನ್ ಕೊಟ್ಟ ಗುಂಪಿನಲ್ಲಿ ಶೇ. 3.2. ಉಸಿರಾಟದ ತೊಂದರೆ ಶೇ. 25.8ರಿಂದ ಶೇ. 9ಕ್ಕೆ ಇಳಿದಿತ್ತು.

ಇಷ್ಟು ಸ್ಪಷ್ಟ. ಇಷ್ಟು ಅಗ್ಗ. ಹಾಗಾದರೆ ಮಾರನೇ ವರ್ಷದಿಂದಲೇ ಜಗತ್ತಿನ ಎಲ್ಲ ಹೆರಿಗೆ ಆಸ್ಪತ್ರೆಗಳಲ್ಲೂ ಈ ಇಂಜೆಕ್ಷನ್ ಕೊಡೋಕೆ ಶುರು ಮಾಡಿದರು ಅಂದುಕೊಂಡಿರಾ? ಇಲ್ಲ. ಎರಡು ದಶಕ ಕಳೆದರೂ ಹೆಚ್ಚಿನ ವೈದ್ಯರು ಇದನ್ನು ಬಳಸುತ್ತಿರಲಿಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ತಜ್ಞರನ್ನು ಕೂರಿಸಿ 'ಇದನ್ನು ಕೊಡಿ' ಅಂತ ಗಟ್ಟಿಯಾಗಿ ಹೇಳಿದ್ದು ಯಾವಾಗ ಗೊತ್ತಾ? 1994ರಲ್ಲಿ.

ಇಪ್ಪತ್ತೆರಡು ವರ್ಷ ಆ ವೈದ್ಯರು ಏನು ಮಾಡುತ್ತಿದ್ದರು? ಅವರೇನು ಕಟುಕರಲ್ಲ. ಆಕ್ಲೆಂಡ್ ಆದಮೇಲೆ ಬೇರೆ ದೇಶಗಳಲ್ಲೂ ಪ್ರಯೋಗ ನಡೆದವು. ಆದರೆ ಹೆಚ್ಚಿನವು ಸಣ್ಣವು. ಒಂದರಲ್ಲಿ ಲಾಭ ಕಂಡಿತು. ಇನ್ನೊಂದರಲ್ಲಿ 'ಲಾಭ ಇರಬಹುದು, ಖಚಿತವಿಲ್ಲ' ಅಂತ ಬಂತು. ಮತ್ತೊಂದರಲ್ಲಿ 'ಗೊತ್ತಾಗಲಿಲ್ಲ'. ವೈದ್ಯರು ಇವನ್ನು ಒಂದೊಂದಾಗಿ ಓದಿದರು. ಓದಿ, 'ಇನ್ನೂ ಗೊಂದಲವಿದೆ' ಅಂದುಕೊಂಡು ಸುಮ್ಮನಾದರು. ಎಲ್ಲವನ್ನೂ ಒಂದೇ ಮೇಜಿನ ಮೇಲೆ ಹರಡಿ ಒಟ್ಟಾರೆ ಲೆಕ್ಕ ಹಾಕುವವರು ಯಾರೂ ಇರಲಿಲ್ಲ.

ನೀವು ನ್ಯೂಸ್ ಚಾನೆಲ್ ನೋಡುವವರು. ಮತ ಎಣಿಕೆಯ ದಿನ ನೆನಪಿಸಿಕೊಳ್ಳಿ. ಬೆಳಿಗ್ಗೆ ಎಂಟೂವರೆಗೆ ಒಂದು ಸುತ್ತಿನ ಎಣಿಕೆ ಬರುತ್ತೆ, ಒಬ್ಬರು ಇನ್ನೂರು ಮತದಿಂದ ಮುಂದೆ. ಅಷ್ಟಕ್ಕೇ ಯಾರಾದರೂ ಪಟಾಕಿ ಹೊಡೀತಾರಾ? ಹೊಡೆದವರು ಮಧ್ಯಾಹ್ನದ ಹೊತ್ತಿಗೆ ಮುಖ ಮರೆಸಿಕೊಳ್ಳುತ್ತಾರೆ. ಒಂದು ಸುತ್ತಿನ ಮುನ್ನಡೆ ಅದೃಷ್ಟವೂ ಆಗಿರಬಹುದು. ಎಲ್ಲ ಬೂತ್‌ಗಳ ಎಣಿಕೆ ಮುಗಿದು, ಕೂಡಿ, ಒಟ್ಟು ತೆಗೆದಮೇಲೇ ಫಲಿತಾಂಶ. ವೈದ್ಯಕೀಯದಲ್ಲಿ ಎಲ್ಲ ಬೂತ್‌ಗಳನ್ನೂ ಹುಡುಕಿ, ಒಂದನ್ನೂ ಬಿಡದೆ ತರುವ ಕೆಲಸಕ್ಕೆ ಸಿಸ್ಟಮ್ಯಾಟಿಕ್ ರಿವ್ಯೂ ಅಂತ ಹೆಸರು. ಕನ್ನಡದಲ್ಲಿ ವ್ಯವಸ್ಥಿತ ಪರಾಮರ್ಶೆ ಅನ್ನಬಹುದು. ತಂದ ಅಂಕಿಗಳನ್ನು, ದೊಡ್ಡ ಪ್ರಯೋಗಕ್ಕೆ ಹೆಚ್ಚು ತೂಕ, ಸಣ್ಣದಕ್ಕೆ ಕಡಿಮೆ ತೂಕ ಕೊಟ್ಟು ಒಂದಾಗಿ ಲೆಕ್ಕ ಹಾಕೋದಕ್ಕೆ ಮೆಟಾ ಅನಾಲಿಸಿಸ್ ಅನ್ನುತ್ತಾರೆ. ಹೆಸರು ದೊಡ್ಡದು. ಕೆಲಸ ಮಾತ್ರ ನಿಮ್ಮೂರಿನ ಲೆಕ್ಕಿಗ ಮಾಡುವಂಥದ್ದೇ: ಎಲ್ಲ ಚೀಟಿ ತಾ, ಕೂಡು, ಒಟ್ಟು ಹೇಳು.

ಈ ಯೋಚನೆ ಹೊಸದೂ ಅಲ್ಲ. 1904ರಲ್ಲೇ ಒಬ್ಬರು ಮಾಡಿದ್ದರು. ಬ್ರಿಟಿಷ್ ಸೈನಿಕರು ಯುದ್ಧದಲ್ಲಿ ಗುಂಡಿಗಿಂತ ಟೈಫಾಯ್ಡ್‌ಗೆ ಹೆಚ್ಚು ಹೆದರುತ್ತಿದ್ದ ಕಾಲ ಅದು. ಆಲ್ಮ್ರೋತ್ ರೈಟ್ ಅನ್ನುವ ವಿಜ್ಞಾನಿ ಲಸಿಕೆ ತಂದಿದ್ದರು. ಅದು ಕೆಲಸ ಮಾಡುತ್ತಾ ಇಲ್ವಾ ಅಂತ ಜಗಳ. ಕಾರ್ಲ್ ಪಿಯರ್ಸನ್ ಅನ್ನುವ ಸಂಖ್ಯಾಶಾಸ್ತ್ರಜ್ಞರ ಕೈಗೆ ಅಂಕಿಗಳು ಬಂದವು. ದಕ್ಷಿಣ ಆಫ್ರಿಕಾದ ಯುದ್ಧದಲ್ಲಿದ್ದ ಪಡೆಗಳ ಅಂಕಿ, ಜೊತೆಗೆ ಭಾರತದಲ್ಲಿದ್ದ ಸೇನೆಯ ಅಂಕಿ. ಒಂದೊಂದು ಪಡೆಯ ಲೆಕ್ಕವೂ ಚಿಕ್ಕದು, ಅದಕ್ಕೇ ನಂಬಿಕೆ ಬರುತ್ತಿಲ್ಲ ಅಂತ ಪಿಯರ್ಸನ್ ಎಲ್ಲವನ್ನೂ ಸೇರಿಸಿ ಸರಾಸರಿ ತೆಗೆದರು. ತೆಗೆದು, 'ಇದು ಸಾಲದು, ಮುಂದೆ ಸರಿಯಾದ ಪ್ರಯೋಗ ಮಾಡಿ, ಮುಂದೆ ಬಂದ ಸೈನಿಕರಲ್ಲಿ ಒಬ್ಬರನ್ನು ಬಿಟ್ಟು ಒಬ್ಬರಿಗೆ ಲಸಿಕೆ ಕೊಟ್ಟು ನೋಡಿ' ಅಂದರು. ನಮ್ಮ ನೆಲದ ಕಂಟೋನ್ಮೆಂಟುಗಳಲ್ಲಿ ಕಾಯಿಲೆ ಬಿದ್ದ ಸಿಪಾಯಿಗಳ ಲೆಕ್ಕವೂ ಹೀಗೆ ಈ ವಿದ್ಯೆಯ ಬುನಾದಿಯಲ್ಲಿದೆ. ಮೆಟಾ ಅನಾಲಿಸಿಸ್ ಎಂಬ ಹೆಸರು ಬಂದಿದ್ದು ಮಾತ್ರ 1976ರಲ್ಲಿ. ಕೊಟ್ಟವರು ಜೀನ್ ಗ್ಲಾಸ್ ಎಂಬ ಅಮೆರಿಕದ ಶಿಕ್ಷಣ ಸಂಶೋಧಕರು.

ಈಗ ಕಥೆಯ ಮುಖ್ಯ ಪಾತ್ರಕ್ಕೆ ಬರೋಣ. ಆರ್ಚಿ ಕಾಕ್ರೇನ್. ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ವೈದ್ಯ. ಎರಡನೇ ಮಹಾಯುದ್ಧದಲ್ಲಿ 1941ರಲ್ಲಿ ಕ್ರೀಟ್ ದ್ವೀಪದಲ್ಲಿ ಜರ್ಮನ್ನರಿಗೆ ಸೆರೆ ಸಿಕ್ಕರು. ಗ್ರೀಸ್ ದೇಶದ ಸಲೋನಿಕಾದ ಕೈದಿಗಳ ಶಿಬಿರದಲ್ಲಿ ಇವರೇ ವೈದ್ಯರು. ಕೈದಿಗಳಿಗೆ ಹೊಟ್ಟೆಗೆ ಹಿಟ್ಟಿಲ್ಲ. ಕಾಲು ಊದಿಕೊಳ್ಳತೊಡಗಿತು. ಕಾಕ್ರೇನ್ 20 ಜನರನ್ನು ಆರಿಸಿ, ಹತ್ತು ಜನರಿಗೆ ಯೀಸ್ಟ್, ಹತ್ತು ಜನರಿಗೆ ವಿಟಮಿನ್ ಸಿ ಕೊಟ್ಟರು. ನಾಲ್ಕನೇ ದಿನಕ್ಕೆ ಯೀಸ್ಟ್ ತಿಂದವರು ಚೇತರಿಸಿಕೊಳ್ಳುತ್ತಿರೋದು ಕಂಡಿತು. ಆ ಲೆಕ್ಕವನ್ನೇ ಹಿಡಿದುಕೊಂಡು ಜರ್ಮನ್ ಅಧಿಕಾರಿಗಳ ಮುಂದೆ ನಿಂತರು. ಯೀಸ್ಟ್ ಬಂತು! ಸೆರೆಮನೆಯಲ್ಲಿ ಸಾಕ್ಷ್ಯಕ್ಕಿರುವ ಬಲ ಎಂಥದ್ದು ಅಂತ ಅವರಿಗೆ ಗೊತ್ತಾಗಿದ್ದು ಹಾಗೆ.

1972ರಲ್ಲಿ ಕಾಕ್ರೇನ್ ಒಂದು ಸಣ್ಣ ಪುಸ್ತಕ ಬರೆದರು. ಸರ್ಕಾರ ಜನರ ದುಡ್ಡಿನಲ್ಲಿ ಕೊಡುವ ಚಿಕಿತ್ಸೆಗಳಲ್ಲಿ ನಿಜಕ್ಕೂ ಎಷ್ಟು ಕೆಲಸ ಮಾಡುತ್ತವೆ ಅಂತ ಅದರಲ್ಲಿ ಕೇಳಿದರು. ಗಮನಿಸಿ, ಆಕ್ಲೆಂಡಿನ ಫಲಿತಾಂಶ ಬಂದದ್ದೂ ಅದೇ 1972ರಲ್ಲಿ. 1979ರಲ್ಲಿ ಇನ್ನೂ ಕಟುವಾಗಿ ಬರೆದರು: ನಮ್ಮ ವೃತ್ತಿಯವರು ಎಲ್ಲ ಪ್ರಯೋಗಗಳ ಸಾರವನ್ನು ವಿಷಯವಾರು ಒಟ್ಟುಮಾಡಿ, ಕಾಲಕಾಲಕ್ಕೆ ಪರಿಷ್ಕರಿಸುವ ವ್ಯವಸ್ಥೆಯನ್ನೇ ಮಾಡಿಕೊಂಡಿಲ್ಲ, ಇದು ನಾಚಿಕೆಗೇಡು. ಅದೇ ವರ್ಷ ವೈದ್ಯಕೀಯದ ಎಲ್ಲ ವಿಭಾಗಗಳಲ್ಲಿ ಅತಿ ಕಳಪೆ ಯಾವುದು ಅಂತ ಹೇಳಿ 'ಮರದ ಸೌಟು' ಬಹುಮಾನ ಘೋಷಿಸಿದರು. ಯಾರಿಗೆ? ಹೆರಿಗೆ ವಿಭಾಗಕ್ಕೆ!

ಬೈಸಿಕೊಂಡವರು ಸಿಟ್ಟಾಗುವುದು ಲೋಕರೂಢಿ. ಒಬ್ಬರು ಮಾತ್ರ ಕೆಲಸಕ್ಕೆ ಕೂತರು. ಇಯಾನ್ ಚಾಮರ್ಸ್. ಆಕ್ಸ್‌ಫರ್ಡಿನಲ್ಲಿ 1978ರಲ್ಲಿ ಶುರುವಾದ ಹೆರಿಗೆ ಮತ್ತು ಶಿಶು ಸಂಶೋಧನಾ ಘಟಕದ ಮುಖ್ಯಸ್ಥರು. ಅವರಿಗೂ ಒಂದು ಹಳೆಯ ನೋವಿತ್ತು. ಯುವ ವೈದ್ಯನಾಗಿ ಗಾಜಾದ ನಿರಾಶ್ರಿತರ ಶಿಬಿರದಲ್ಲಿ ಕೆಲಸ ಮಾಡಿದ್ದರು. ದಡಾರ ಬಂದ ಮಕ್ಕಳಿಗೆ ಮೊದಲೇ ಆಂಟಿಬಯೋಟಿಕ್ ಕೊಡಬಾರದು, ಅದು ವೈರಸ್ ಕಾಯಿಲೆ ಅಂತ ಕಾಲೇಜಿನಲ್ಲಿ ಕಲಿಸಿದ್ದರು. ಇವರು ಕೊಡಲಿಲ್ಲ. ಕೆಲವು ಮಕ್ಕಳು ಕಣ್ಣೆದುರೇ ಸತ್ತವು. ಎಷ್ಟೋ ವರ್ಷ ಆದಮೇಲೆ ಗೊತ್ತಾಯಿತು, ಆಂಟಿಬಯೋಟಿಕ್ ಕೊಟ್ಟರೆ ಆ ಮಕ್ಕಳಿಗೆ ಪ್ರಯೋಜನ ಇದೆ ಅನ್ನುವ ಪ್ರಯೋಗಗಳು ಇವರು ಗಾಜಾಕ್ಕೆ ಹೋಗುವ ಮೊದಲೇ ಅಚ್ಚಾಗಿದ್ದವು! ಇದನ್ನು ಚಾಮರ್ಸ್ ಸ್ವತಃ ಬಹಿರಂಗವಾಗಿ ಹೇಳಿಕೊಂಡಿದ್ದಾರೆ. ಯಾರೂ ಒಂದು ಕಡೆ ಸೇರಿಸಿ ಇಡದ ಜ್ಞಾನ ಬಂಜರು ನೆಲದ ಬೀಜದ ಹಾಗೆ.

ಚಾಮರ್ಸ್ ಮತ್ತು ಸಂಗಡಿಗರು ಹೆರಿಗೆಗೆ ಸಂಬಂಧಿಸಿದ ಪ್ರಯೋಗಗಳನ್ನು ವರ್ಷಗಟ್ಟಲೆ ಹುಡುಕಿದರು. ಅದು ಇಂಟರ್ನೆಟ್ ಇಲ್ಲದ ಕಾಲ. ನಿಯತಕಾಲಿಕಗಳನ್ನು ಕೈಯಲ್ಲಿ ಪುಟ ತಿರುಗಿಸಿ ಹುಡುಕಬೇಕು. ಪ್ರಕಟವಾಗದೇ ಉಳಿದ ಪ್ರಯೋಗ ನಿಮ್ಮ ಬಳಿ ಏನಾದರೂ ಇದೆಯಾ ಅಂತ ವೈದ್ಯರಿಗೆ ಪತ್ರ ಬರೆಯಬೇಕು. 1989ರಲ್ಲಿ ಅದೆಲ್ಲ ಎರಡು ದಪ್ಪ ಸಂಪುಟಗಳಾಗಿ ಹೊರಬಂತು. ಮರುವರ್ಷ ಪೆಟ್ರೀಷಿಯಾ ಕ್ರೌಲಿ ಎಂಬ ವೈದ್ಯೆ, ಚಾಮರ್ಸ್ ಮತ್ತು ಮಾರ್ಕ್ ಕೀರ್ಸ್ ಜೊತೆ ಸೇರಿ ಸ್ಟಿರಾಯ್ಡ್ ಇಂಜೆಕ್ಷನ್ನಿನ 12 ಪ್ರಯೋಗಗಳ ಒಟ್ಟು ಲೆಕ್ಕವನ್ನು ನಿಯತಕಾಲಿಕದಲ್ಲೂ ಪ್ರಕಟಿಸಿದರು. ಉತ್ತರದಲ್ಲಿ ಗೊಂದಲವೇ ಇರಲಿಲ್ಲ. ಇಂಜೆಕ್ಷನ್ ಮಕ್ಕಳನ್ನು ಉಳಿಸುತ್ತದೆ.

1993ರಲ್ಲಿ ಕಾಕ್ರೇನ್ ಹೆಸರಿನಲ್ಲೇ ಒಂದು ಅಂತಾರಾಷ್ಟ್ರೀಯ ಸಂಸ್ಥೆ ಹುಟ್ಟಿತು. ಅದರ ಲಾಂಛನವನ್ನು ಒಮ್ಮೆ ಹುಡುಕಿ ನೋಡಿ. ವೃತ್ತದ ನಡುವೆ ಒಂದು ನೇರ ಕಂಬ. ಅದಕ್ಕೆ ಅಡ್ಡವಾಗಿ ಏಳು ಗೆರೆ. ಕೆಳಗೆ ಒಂದು ಪುಟ್ಟ ವಜ್ರದಾಕಾರ. ಅದು ಅಲಂಕಾರ ಅಲ್ಲ ಸ್ವಾಮಿ. ಆ ಏಳು ಗೆರೆಗಳು ಇದೇ ಸ್ಟಿರಾಯ್ಡ್ ಇಂಜೆಕ್ಷನ್ನಿನ ಏಳು ಪ್ರಯೋಗ. ಗೆರೆ ಕಂಬದ ಎಡಕ್ಕಿದ್ದರೆ ಮದ್ದಿನಿಂದ ಲಾಭ. ಕಂಬಕ್ಕೆ ತಾಗಿದರೆ ಖಚಿತವಿಲ್ಲ. ಏಳರಲ್ಲಿ ಹೆಚ್ಚಿನ ಗೆರೆಗಳು ಕಂಬಕ್ಕೆ ತಾಗುತ್ತವೆ. ಒಂದೊಂದನ್ನೇ ನೋಡಿದ ವೈದ್ಯನಿಗೆ ಗೊಂದಲವಾಗಿದ್ದು ಇದಕ್ಕೇ. ಕೆಳಗಿನ ವಜ್ರ ಎಲ್ಲದರ ಒಟ್ಟು ಮೊತ್ತ. ಅದು ಕಂಬದಿಂದ ದೂರ, ಎಡಗಡೆ, ಗಟ್ಟಿಯಾಗಿ ನಿಂತಿದೆ. ಮಗುವಿನ ಸಾವಿನ ಸಂಭವ ಶೇ. 30ರಿಂದ 50ರಷ್ಟು ಇಳಿಯುತ್ತದೆ ಅಂತ ಅದರ ಅರ್ಥ. 1980ರ ದಶಕದ ಆರಂಭದಲ್ಲೇ ಯಾರಾದರೂ ಇವನ್ನು ಒಟ್ಟಿಗೆ ಹಾಕಿ ನೋಡಿದ್ದರೆ ಈ ವಜ್ರ ಅವತ್ತೇ ಕಾಣುತ್ತಿತ್ತು. ಕೂಡುವ ಲೆಕ್ಕವನ್ನು ಸರಿಯಾಗಿ ಮಾಡಲು 1989 ಬೇಕಾಯಿತು. ಹದಿನೇಳು ವರ್ಷ. ಅಷ್ಟರಲ್ಲಿ ಹತ್ತಾರು ಸಾವಿರ ಶಿಶುಗಳು ವಿನಾಕಾರಣ ನರಳಿರಬಹುದು, ಸತ್ತಿರಬಹುದು ಅಂತ ಆ ಸಂಸ್ಥೆಯೇ ಹೇಳುತ್ತದೆ. ತನ್ನ ಲಾಂಛನದಲ್ಲೇ ತನ್ನ ವೃತ್ತಿಯ ತಪ್ಪನ್ನು ಕೆತ್ತಿಸಿಕೊಂಡ ಸಂಸ್ಥೆ ಇನ್ನೊಂದಿದ್ದರೆ ನನಗೆ ತಿಳಿಸಿ.

ಕಾಕ್ರೇನ್ ಇದನ್ನೆಲ್ಲ ನೋಡಲು ಇರಲಿಲ್ಲ. 1988ರಲ್ಲಿ ತೀರಿಕೊಂಡರು. ಆದರೆ ಆ ಸಂಪುಟಗಳಿಗೆ ಮೊದಲೇ ಮುನ್ನುಡಿ ಬರೆದುಕೊಟ್ಟಿದ್ದರು. ಅದರಲ್ಲಿ ಹೆರಿಗೆ ವಿಭಾಗಕ್ಕೆ ಕೊಟ್ಟಿದ್ದ ಮರದ ಸೌಟನ್ನು ವಾಪಸ್ ತೆಗೆದುಕೊಂಡಿದ್ದಾರೆ.

ಇದು ಹೆರಿಗೆ ವಾರ್ಡಿನ ಕಥೆ ಮಾತ್ರ ಅಂದುಕೊಳ್ಳಬೇಡಿ. ಹೃದಯಾಘಾತವಾದವರ ರಕ್ತನಾಳದ ಗಡ್ಡೆ ಕರಗಿಸುವ ಸ್ಟ್ರೆಪ್ಟೊಕೈನೇಸ್ ಮದ್ದಿದೆಯಲ್ಲ, 1959ರಿಂದ 1988ರವರೆಗೆ ಅದರ ಮೇಲೆ 33 ಪ್ರಯೋಗ ನಡೆದವು. 1992ರಲ್ಲಿ ಅಮೆರಿಕದ ಸಂಶೋಧಕರು ವರ್ಷವಾರು ಕೂಡುತ್ತಾ ಬಂದರು. 1973ರ ಹೊತ್ತಿಗೆ, ಎಂಟು ಪ್ರಯೋಗ, 2,432 ರೋಗಿಗಳ ಲೆಕ್ಕದಲ್ಲೇ ಉತ್ತರ ಸಿಕ್ಕಿತ್ತು. ಆಮೇಲೆ ಇನ್ನೂ 25 ಪ್ರಯೋಗಗಳಲ್ಲಿ 34,542 ರೋಗಿಗಳನ್ನು ಸೇರಿಸಿಕೊಂಡು ಅದೇ ಪ್ರಶ್ನೆ ಕೇಳಿದರು. ಅವರಲ್ಲಿ ಎಷ್ಟೋ ಜನಕ್ಕೆ ಆ ಮದ್ದು ಸಿಗದ ಗುಂಪಿನ ಚೀಟಿ ಬಂದಿತ್ತು. ಉತ್ತರ ಗೊತ್ತಿರುವ ಪ್ರಶ್ನೆಗೆ ಮನುಷ್ಯರ ಪ್ರಾಣ ಪಣಕ್ಕಿಡೋದು ಎಷ್ಟು ಸರಿ?

ಹಾಗಂತ ಕೂಡಿಬಿಟ್ಟರೆ ಸತ್ಯ ಬಂದುಬಿಡುತ್ತಾ? ಅಲ್ಲೇ ಇರೋದು ಎರಡನೇ ಪಾಠ. ಎಣಿಕೆ ಕೇಂದ್ರಕ್ಕೆ ಎಲ್ಲ ಪೆಟ್ಟಿಗೆಗಳೂ ಬಂದಿವೆಯಾ? ಯಾರಾದರೂ ಕೆಲವನ್ನು ಮನೆಯಲ್ಲಿ ಬಚ್ಚಿಟ್ಟಿದ್ದಾರಾ?

ಟ್ಯಾಮಿಫ್ಲೂ ನೆನಪಿದೆಯಾ? 2009ರಲ್ಲಿ ಹಂದಿಜ್ವರ ಬಂದಾಗ ಇಡೀ ಜಗತ್ತು ಆ ಮಾತ್ರೆಯ ಹಿಂದೆ ಬಿದ್ದಿತ್ತು. ಬ್ರಿಟನ್ ಒಂದೇ 42.4 ಕೋಟಿ ಪೌಂಡ್ ಸುರಿದು ದಾಸ್ತಾನು ಮಾಡಿತು. ಇದು ನ್ಯುಮೋನಿಯಾ ತಡೆಯುತ್ತೆ, ಆಸ್ಪತ್ರೆ ಸೇರೋದು ತಪ್ಪಿಸುತ್ತೆ ಅಂತ ನಂಬಿಕೆ. ಕಾಕ್ರೇನ್ ಸಂಸ್ಥೆಯ ಪರಾಮರ್ಶೆಯೂ ಹಾಗೇ ಹೇಳಿತ್ತು. ಆಗ ಜಪಾನಿನ ಕೇಜಿ ಹಯಾಶಿ ಎಂಬ ಮಕ್ಕಳ ವೈದ್ಯರು ಒಂದು ಸರಳ ಪ್ರಶ್ನೆ ಹಾಕಿದರು. 'ನಿಮ್ಮ ಈ ತೀರ್ಮಾನ ನಿಂತಿರೋದು ಹತ್ತು ಪ್ರಯೋಗಗಳನ್ನು ಕೂಡಿಸಿದ ಒಂದು ಲೇಖನದ ಮೇಲೆ. ಅದರಲ್ಲಿ ಎಂಟು ಪ್ರಕಟವೇ ಆಗಿಲ್ಲ. ನೀವು ಅವನ್ನು ನೋಡಿದ್ದೀರಾ?' ನೋಡಿರಲಿಲ್ಲ! ಕಂಪನಿಯನ್ನು ಕೇಳಿದರು. ಪೂರ್ತಿ ದಾಖಲೆ ಸಿಗಲು ವರ್ಷಗಳೇ ಹಿಡಿದವು. 2014ರಲ್ಲಿ ಎಲ್ಲವನ್ನೂ ಓದಿ ಹೇಳಿದ್ದೇನು? ದೊಡ್ಡವರಲ್ಲಿ ಜ್ವರದ ಲಕ್ಷಣಗಳು 7 ದಿನದ ಬದಲು 6.3 ದಿನಕ್ಕೆ ಇಳಿಯುತ್ತವೆ. ಆಸ್ಪತ್ರೆ ಸೇರುವುದನ್ನು ತಪ್ಪಿಸುತ್ತದೆ ಅನ್ನಲು ಗಟ್ಟಿ ಸಾಕ್ಷ್ಯವಿಲ್ಲ.

ಪೆಟ್ಟಿಗೆ ಬಚ್ಚಿಡೋದು ಒಂದು. ಅನುಮಾನದ ಮತ ಬೀಳೋದು ಇನ್ನೊಂದು. ಕೋವಿಡ್ ಕಾಲದ ಐವರ್‌ಮೆಕ್ಟಿನ್ ಮಾತ್ರೆಯನ್ನು ನಮ್ಮವರು ಮರೆತಿರಲಿಕ್ಕಿಲ್ಲ. 2021ರ ಮೇ ತಿಂಗಳಲ್ಲಿ ಪಕ್ಕದ ಗೋವಾ ಸರ್ಕಾರ 18 ದಾಟಿದ ಎಲ್ಲರಿಗೂ ಕೊಡುತ್ತೇವೆ ಅಂತಲೇ ಘೋಷಿಸಿತ್ತು. ಆ ಮಾತ್ರೆಯ ಪರವಾಗಿ ಮೆಟಾ ಅನಾಲಿಸಿಸ್‌ಗಳೂ ಇದ್ದವು. ಸಾವು ಭಾರಿ ಇಳಿಯುತ್ತದೆ ಅಂತ ಅವು ಹೇಳುತ್ತಿದ್ದವು. ಅವುಗಳಿಗೆ ದೊಡ್ಡ ಬಲ ಕೊಟ್ಟಿದ್ದು ಈಜಿಪ್ಟಿನ ಒಂದು ಅಧ್ಯಯನ. ಬ್ರಿಟನ್ನಿನ ಒಬ್ಬ ವೈದ್ಯಕೀಯ ವಿದ್ಯಾರ್ಥಿ ಅದರ ಅಂಕಿಗಳನ್ನು ಕೆದಕಿದ. ಒಬ್ಬರ ದಾಖಲೆಯೇ ಇನ್ನೊಬ್ಬರ ಹೆಸರಲ್ಲಿ ನಕಲಾದ ಹಾಗೆ ಕಾಣುತ್ತಿತ್ತು. 2021ರ ಜುಲೈನಲ್ಲಿ ಆ ಪ್ರಬಂಧವನ್ನು ಜಾಲತಾಣದಿಂದ ಹಿಂತೆಗೆದರು. ಅದನ್ನು ಪಕ್ಕಕ್ಕಿಟ್ಟು ಕೂಡಿದರೆ ಆ ಭಾರಿ ಲಾಭ ಕರಗತೊಡಗಿತು. ಸೆಪ್ಟೆಂಬರ್‌ನಲ್ಲಿ ಭಾರತದ ರಾಷ್ಟ್ರೀಯ ಮಾರ್ಗಸೂಚಿಯಿಂದಲೂ ಐವರ್‌ಮೆಕ್ಟಿನ್ ಹೊರಬಿತ್ತು. ಕಸವನ್ನು ಎಷ್ಟೇ ನಾಜೂಕಾಗಿ ಕೂಡಿದರೂ ಬರುವ ಮೊತ್ತ ಕಸವೇ.

ಇಂಥ ಒಂದೊಂದು ಪೆಟ್ಟು ತಿಂದು ಈ ವಿದ್ಯೆ ತನಗೆ ತಾನೇ ಕಟ್ಟಳೆ ಹಾಕಿಕೊಳ್ಳುತ್ತಾ ಬಂದಿದೆ. ಫಲಿತಾಂಶ ನೋಡಿಕೊಂಡು ಪ್ರಶ್ನೆ ಬದಲಾಯಿಸಬಾರದು, ಹಾಗಾಗಿ ಪರಾಮರ್ಶೆ ಶುರುಮಾಡುವ ಮೊದಲೇ ನಿಮ್ಮ ಪ್ರಶ್ನೆಯನ್ನು ಸಾರ್ವಜನಿಕವಾಗಿ ನೋಂದಾಯಿಸಿ ಅಂತ 2011ರಲ್ಲಿ ಪ್ರಾಸ್ಪೆರೊ ಎಂಬ ದಾಖಲಾತಿ ಬಂತು. ಎಲ್ಲೆಲ್ಲಿ ಹುಡುಕಿದಿರಿ, ಯಾವುದನ್ನು ಬಿಟ್ಟಿರಿ, ಯಾಕೆ ಬಿಟ್ಟಿರಿ ಅಂತ ಹೇಳಲೇಬೇಕು ಅನ್ನುವ 27 ಅಂಶಗಳ ಪಟ್ಟಿ 2009ರಲ್ಲಿ ಪ್ರಿಸ್ಮಾ ಎಂಬ ಹೆಸರಿನಲ್ಲಿ ಬಂತು, 2020ರಲ್ಲಿ ಪರಿಷ್ಕಾರವಾಯಿತು. ಒಬ್ಬರೇ ಆರಿಸಿದರೆ ಪಕ್ಷಪಾತ ನುಸುಳುತ್ತದೆ, ಅದಕ್ಕೆ ಇಬ್ಬರು ಬೇರೆಬೇರೆಯಾಗಿ ಕೂತು ಆರಿಸಬೇಕು. ಅಧ್ಯಯನ ನಂಬಿಕಸ್ಥವೋ ಅಲ್ಲವೋ ಅಂತ ಅನುಮಾನ ಬಂದರೆ ಏನು ಮಾಡಬೇಕು ಅಂತ 2021ರಲ್ಲಿ ಕಾಕ್ರೇನ್ ಸಂಸ್ಥೆ ನಿಯಮ ತಂದಿತು. ಎಣಿಕೆ ಕೊಠಡಿಗೆ ಏಜೆಂಟರು, ಸಿಸಿ ಕ್ಯಾಮೆರಾ, ಸೀಲು ಎಲ್ಲ ಬಂದ ಹಾಗೆ.

ಇಷ್ಟೆಲ್ಲ ಆದಮೇಲೂ ಒಂದು ಪ್ರಶ್ನೆ ಉಳಿಯುತ್ತೆ. ಅದು ನಮ್ಮ ಬೆಳಗಾವಿಗೆ ಬಂದು ನಿಲ್ಲುತ್ತೆ.

ಆ ಏಳು ಗೆರೆಗಳು ಬಂದಿದ್ದು ಶ್ರೀಮಂತ ದೇಶಗಳ ದೊಡ್ಡ ಆಸ್ಪತ್ರೆಗಳಿಂದ. ಅದೇ ಇಂಜೆಕ್ಷನ್ನನ್ನು ಹಳ್ಳಿಯ ಉಪಕೇಂದ್ರದಲ್ಲಿ ಕೊಟ್ಟರೆ? ಕೊಡಲೇಬೇಕು ಅನ್ನಿಸುವುದು ಸಹಜ. 2014ರಲ್ಲಿ ನಮ್ಮ ಕೇಂದ್ರ ಸರ್ಕಾರ, ದಿನ ತುಂಬದ ಹೆರಿಗೆ ನೋವು ಬಂದರೆ ದೊಡ್ಡ ಆಸ್ಪತ್ರೆಗೆ ಕಳಿಸುವ ಮುನ್ನ ಎಎನ್‌ಎಂ ಸಿಸ್ಟರ್ ಕೂಡ ಮೊದಲ ಡೋಸ್ ಡೆಕ್ಸಾಮೆಥಾಸೋನ್ ಕೊಡಬಹುದು ಅಂತ ಮಾರ್ಗಸೂಚಿ ತಂದಿತು. ಆದರೆ ಅಷ್ಟರಲ್ಲಿ ಆರು ದೇಶಗಳಲ್ಲಿ ಒಂದು ದೊಡ್ಡ ಪ್ರಯೋಗ ನಡೆದಿತ್ತು. ಭಾರತದಲ್ಲಿ ಬೆಳಗಾವಿ ಮತ್ತು ನಾಗಪುರ ಅದರಲ್ಲಿದ್ದವು. ಒಟ್ಟು ಸುಮಾರು ಒಂದು ಲಕ್ಷ ಹೆರಿಗೆ. ಹಳ್ಳಿಮಟ್ಟದ ಕಾರ್ಯಕರ್ತೆಯರಿಗೂ ತರಬೇತಿ ಕೊಟ್ಟು, ಬಣ್ಣದ ಗುರುತಿನ ಟೇಪಿನಿಂದ ಹೊಟ್ಟೆಯ ಅಳತೆ ತೆಗೆದು, ದಿನ ತುಂಬಿಲ್ಲ ಅನ್ನಿಸಿದರೆ ಇಂಜೆಕ್ಷನ್ ಕೊಡುವ ವ್ಯವಸ್ಥೆ. 2015ರಲ್ಲಿ ಫಲಿತಾಂಶ ಬಂತು. ಎಲ್ಲರೂ ಬೆಚ್ಚಿಬಿದ್ದರು. ಅತಿ ಸಣ್ಣ ಕೂಸುಗಳಿಗೆ ಲಾಭ ಕಾಣಲಿಲ್ಲ. ಒಟ್ಟಾರೆ ನವಜಾತ ಶಿಶುಗಳ ಸಾವು ಸಾವಿರಕ್ಕೆ 23.9 ಇದ್ದದ್ದು, ಈ ಕಾರ್ಯಕ್ರಮ ನಡೆದ ಕಡೆ 27.4 ಆಗಿತ್ತು. ತಾಯಂದಿರಲ್ಲಿ ಸೋಂಕಿನ ಅನುಮಾನವೂ ಹೆಚ್ಚಿತ್ತು. ಇಂಜೆಕ್ಷನ್ ತೆಗೆದುಕೊಂಡವರಲ್ಲಿ ಹೆಚ್ಚಿನವರಿಗೆ ಹುಟ್ಟಿದ್ದು ಆ ಅತಿ ಸಣ್ಣ ಕೂಸುಗಳಲ್ಲ. ಎಷ್ಟು ವಾರ ಅಂತ ಖಚಿತವಾಗಿ ಹೇಳುವ ಸ್ಕ್ಯಾನಿಂಗ್ ಇಲ್ಲದ ಕಡೆ ಟೇಪು ಎಷ್ಟು ಹೇಳೀತು?

ಜೀವ ಉಳಿಸುವ ಮದ್ದೇ ಜಾಗ ತಪ್ಪಿದರೆ ಜೀವಕ್ಕೆ ಎರವಾಗಬಹುದಾ? ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಷರತ್ತು ಹಾಕಿತು: ಗರ್ಭದ ವಾರ ಸರಿಯಾಗಿ ಗೊತ್ತಿರಬೇಕು, ತಾಯಿಗೆ ಸೋಂಕಿರಬಾರದು, ಹುಟ್ಟಿದ ಪುಟ್ಟ ಕೂಸನ್ನು ನೋಡಿಕೊಳ್ಳುವ ವ್ಯವಸ್ಥೆ ಇರಬೇಕು. ನಂತರ ಸುಮ್ಮನೆ ಕೂರಲಿಲ್ಲ. ಭಾರತ, ಬಾಂಗ್ಲಾದೇಶ, ಪಾಕಿಸ್ತಾನ, ಕೀನ್ಯಾ, ನೈಜೀರಿಯಾದ 29 ಆಸ್ಪತ್ರೆಗಳಲ್ಲಿ ಹೊಸ ಪ್ರಯೋಗ ಮಾಡಿತು. ಬೆಳಗಾವಿಯ ವೈದ್ಯರು ಇದರಲ್ಲೂ ಇದ್ದರು. ಈ ಸಲ ಸ್ಕ್ಯಾನಿಂಗ್ ಮಾಡಿ ವಾರ ಲೆಕ್ಕ ಹಾಕಿದರು. 2,852 ತಾಯಂದಿರು. ಡೆಕ್ಸಾಮೆಥಾಸೋನ್ ಇಲ್ಲದ ಗುಂಪಿನಲ್ಲಿ ಶೇ. 23.5 ಕೂಸುಗಳು ಸತ್ತರೆ, ಕೊಟ್ಟ ಗುಂಪಿನಲ್ಲಿ ಶೇ. 19.6. ಅಂದರೆ ಸುಮಾರು 25 ತಾಯಂದಿರಿಗೆ ಇಂಜೆಕ್ಷನ್ ಕೊಟ್ಟರೆ ಒಂದು ಮಗು ಉಳಿಯುತ್ತದೆ. ಲಾಭ ಅಷ್ಟು ಸ್ಪಷ್ಟವಾದ್ದರಿಂದ ಪ್ರಯೋಗವನ್ನು ಮಧ್ಯದಲ್ಲೇ ನಿಲ್ಲಿಸಿದರು. 2020ರಲ್ಲಿ ಇದು ಪ್ರಕಟವಾಯಿತು. ಅದೇ 2020ರಲ್ಲಿ ಭಾರತದಲ್ಲಿ ದಿನ ತುಂಬದೆ ಹುಟ್ಟಿದ ಮಕ್ಕಳು ಸುಮಾರು 30 ಲಕ್ಷ. ಜಗತ್ತಿನಲ್ಲೇ ಅತಿ ಹೆಚ್ಚು. ಈಗ ಹೇಳಿ, ಈ ಲೆಕ್ಕಾಚಾರ ಯಾವುದೋ ಪ್ರೊಫೆಸರುಗಳ ತಲೆನೋವಾ? ನಮ್ಮ ಅಕ್ಕತಂಗಿಯರ ಮಡಿಲಿನ ಪ್ರಶ್ನೆಯಾ?

ಡೆಕ್ಸಾಮೆಥಾಸೋನ್ ಅಂದೆನಲ್ಲ, ಆ ಹೆಸರು ಎಲ್ಲೋ ಕೇಳಿದ ಹಾಗಿದೆಯಾ? ಹೌದು, ಕೋವಿಡ್‌ನಲ್ಲಿ ಕೇಳಿದ್ದೀರಿ. 2020ರ ಜೂನ್‌ನಲ್ಲಿ ಬ್ರಿಟನ್ನಿನ ರಿಕವರಿ ಪ್ರಯೋಗ ಹೇಳಿತು: ವೆಂಟಿಲೇಟರ್‌ನಲ್ಲಿದ್ದವರಿಗೆ ಈ ಅಗ್ಗದ ಮದ್ದು ಕೊಟ್ಟರೆ ಸಾವು ಮೂರನೇ ಒಂದರಷ್ಟು ಇಳಿಯುತ್ತದೆ. ಆಮ್ಲಜನಕ ಬೇಡದವರಿಗೆ ಲಾಭವಿಲ್ಲ. ಈ ಸಲ ಜಗತ್ತು ಹದಿನೇಳು ವರ್ಷ ಕಾಯಲಿಲ್ಲ. ಬೇರೆಬೇರೆ ದೇಶಗಳ ಪ್ರಯೋಗಕಾರರು ತಮ್ಮ ಫಲಿತಾಂಶ ಪ್ರಕಟವಾಗುವ ಮೊದಲೇ ವಿಶ್ವ ಆರೋಗ್ಯ ಸಂಸ್ಥೆಯ ಮೂಲಕ ಒಪ್ಪಂದ ಮಾಡಿಕೊಂಡರು. ಅಂಕಿಗಳನ್ನು ಒಂದೇ ಬುಟ್ಟಿಗೆ ಹಾಕಿದರು. ಏಳು ಪ್ರಯೋಗ. ಮತ್ತೆ ಏಳು! 1,703 ತೀವ್ರ ರೋಗಿಗಳು. ಸೆಪ್ಟೆಂಬರ್ 2ಕ್ಕೆ ಒಟ್ಟು ಫಲಿತಾಂಶ ಪ್ರಕಟ. ಅದೇ ದಿನ ಜಾಗತಿಕ ಮಾರ್ಗಸೂಚಿ. 1972ರಲ್ಲಿ ಹದಿನೇಳು ವರ್ಷ ಹಿಡಿದ ಕೆಲಸ 2020ರಲ್ಲಿ ಮೂರು ತಿಂಗಳಿಗೆ ಬಂದಿತ್ತು. ನನ್ನ ಪ್ರಕಾರ ಆ ವರ್ಷದ ನಿಜವಾದ ಬ್ರೇಕಿಂಗ್ ನ್ಯೂಸ್ ಇದು. ಆ ಮಾರ್ಗಸೂಚಿಯ ಇನ್ನೊಂದು ಸಾಲನ್ನು, ಅಂದರೆ ಸೌಮ್ಯ ಕಾಯಿಲೆಗೆ ಕೊಡಬೇಡಿ ಅನ್ನುವ ಸಾಲನ್ನು ಎಷ್ಟೋ ಕಡೆ ಓದಲೇ ಇಲ್ಲ. 2021ರಲ್ಲಿ ಕಪ್ಪು ಶಿಲೀಂಧ್ರ ನಮ್ಮ ಆಸ್ಪತ್ರೆಗಳನ್ನು ತುಂಬಿದಾಗ, ಸಕ್ಕರೆ ಕಾಯಿಲೆಯ ಜೊತೆಗೆ ಬೇಕಾಬಿಟ್ಟಿ ಸ್ಟಿರಾಯ್ಡ್ ಬಳಕೆಯತ್ತ ತಜ್ಞರು ಬೆರಳು ತೋರಿಸಿದ್ದು ನಿಮಗೆ ನೆನಪಿರುತ್ತದೆ.

ಸುದ್ದಿಮನೆಗೆ 'ಹೊಸ ಅಧ್ಯಯನದ ಪ್ರಕಾರ' ಅನ್ನುವ ಸುದ್ದಿ ಬರದ ದಿನವಿಲ್ಲ. ಕಾಫಿ ಒಳ್ಳೆಯದು ಅಂತ ಒಂದು. ಕಾಫಿ ಕೆಟ್ಟದು ಅಂತ ಮರುವಾರ ಇನ್ನೊಂದು. ವೀಕ್ಷಕರು ಕೇಳ್ತಾರೆ, ಈ ವಿಜ್ಞಾನಿಗಳಿಗೆ ಒಂದು ಮಾತು ಅಂತ ಇಲ್ವಾ? ಇದೆ. ಆದರೆ ಆ ಮಾತು ಒಂದು ಸುತ್ತಿನ ಎಣಿಕೆಯಲ್ಲಿ ಸಿಗಲ್ಲ. ಹಾಗಾಗಿ ನನ್ನಂಥವನು ಪರದೆಯ ಮೇಲೆ ಬಂದು 'ಹೊಸ ಅಧ್ಯಯನ' ಅಂದಾಗ ನೀವು ನಾಲ್ಕು ಪ್ರಶ್ನೆ ಕೇಳಿ. ಇದು ಒಂದೇ ಅಧ್ಯಯನವೋ, ಎಲ್ಲವನ್ನೂ ಕೂಡಿಸಿದ್ದೋ? ಕೂಡಿಸಿದ್ದಾದರೆ ಪ್ರಕಟವಾಗದ್ದನ್ನೂ ಹುಡುಕಿದ್ದಾರಾ? ದುಡ್ಡು ಕೊಟ್ಟವರು ಯಾರು? ಪ್ರಯೋಗ ನಡೆದದ್ದು ನಮ್ಮಂಥವರ ಮೇಲೆ, ನಮ್ಮಂಥ ಆಸ್ಪತ್ರೆಗಳಲ್ಲಾ? ಉತ್ತರ ಸಿಗದಿದ್ದರೆ ಪಟಾಕಿ ಹೊಡೆಯಬೇಡಿ. ಕಾಯಿರಿ.

ಆ ಲಾಂಛನದ ಏಳು ಗೆರೆಗಳನ್ನು ಕೂಡುವುದಕ್ಕೆ ದೊಡ್ಡ ಯಂತ್ರ ಬೇಕಿರಲಿಲ್ಲ. ಒಂದು ಪೆನ್ಸಿಲ್, ಒಂದು ಹಾಳೆ, ಎಲ್ಲವನ್ನೂ ಹುಡುಕಿ ತರುವ ತಾಳ್ಮೆ. ಅಷ್ಟೇ ಸಾಕಿತ್ತು.